ಪಹಣಿಯಲ್ಲಿ ಹೆಸರಿರೋರು, ಇಲ್ಲದೋರು

ಈ ಸಲ ಬೆಳೆ, ಔಷಧಿ, ರೇಟು ಯಾವುದೂ ಅಲ್ಲ. ಸ್ವಲ್ಪ ಉದ್ದ ಇದೆ, ರಾತ್ರಿ ಊಟ ಆದ ಮೇಲೆ ನಿಧಾನವಾಗಿ ಓದಿ.

ಹೋದ ವಾರ ಸೊಸೈಟಿ ಸಾಲಕ್ಕೆ ಪಹಣಿ ತೆಗೆಸೋಕೆ ಹೋಗಿದ್ದೆ. ಸರ್ವರ್ ಇಲ್ಲ ಅಂದ್ರು, ಟೀ ಅಂಗಡಿ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಇಬ್ಬರ ವಾದ ನಡೀತಿತ್ತು. ವಯಸ್ಸಾದವರು ಹೇಳ್ತಿದ್ರು: "ಸರ್ಕಾರ ಎಲ್ಲಾದಕ್ಕೂ ಕೈ ಹಾಕಿ ಕೆಡಿಸ್ತು ಕನ್ ಮಗ. ನನ್ನ ಜಮೀನು ನನ್ನಿಷ್ಟ. ಯಾರಿಗೆ ಬೇಕಾದ್ರೂ ಮಾರ್ತೀನಿ, ಯಾರಿಗೆ ಬೇಕಾದ್ರೂ ಗುತ್ತಿಗೆ ಕೊಡ್ತೀನಿ. ಕೇಳೋಕೆ ಇವರ್ಯಾರು?" ಹುಡುಗ ಕೇಳಿದ: "ಹಂಗಾದ್ರೆ ಕಬ್ಬಿನ ರೇಟೂ ಫ್ಯಾಕ್ಟರಿಯವರ ಇಷ್ಟಕ್ಕೇ ಬುಟ್ಬುಡೋಣ್ವಾ ದೊಡ್ಡಪ್ಪ?" ಅವರು ಟೀ ಮುಗಿಸೋವರೆಗೂ ಮಾತಾಡಲಿಲ್ಲ. ಆಮೇಲೆ, "ಅದು ಬ್ಯಾರೆ ಕನ್ ಮಗ" ಅಂದ್ರು.

ಆ "ಅದು ಬ್ಯಾರೆ" ಅನ್ನೋ ಮಾತು ಮನೆಗೆ ಬಂದ್ರೂ ತಲೆಯಿಂದ ಹೋಗಲಿಲ್ಲ. ಬಂಡವಾಳಶಾಹಿ, ಸಮಾಜವಾದ ಅಂತ ಪುಸ್ತಕದಲ್ಲಿ ದೊಡ್ಡ ದೊಡ್ಡ ಪದ ಇವೆ. ಒಂದು ಅಂದ್ರೆ ಆಸ್ತಿ ಖಾಸಗಿಯವರದು, ಬೆಲೆ ಪೇಟೆ ಹೇಳಿದ ಹಾಗೆ. ಇನ್ನೊಂದು ಅಂದ್ರೆ ಆಸ್ತಿ ಸಮಾಜದ್ದು, ಹಂಚೋದು ಸರ್ಕಾರ. ನಮ್ಮ ಹೊಲದಲ್ಲಿ ಎರಡೂ ಬೆರಕೆಯಾಗಿ ನೂರು ವರ್ಷದ ಹತ್ತಿರ ಆಯ್ತು. ಎಷ್ಟು ಬೆರಕೆ, ಯಾರಿಗೆ ಲಾಭ ಆಗೋ ಹಾಗೆ ಬೆರಕೆ, ಅದೇ ಜಗಳ. ಅದರ ಚರಿತ್ರೆ ಓದೋಕೆ ಲೈಬ್ರರಿಗೆ ಹೋಗಬೇಕಿಲ್ಲ, ಕೈಯಲ್ಲಿರೋ ಪಹಣಿ ಸಾಕು. 9ನೇ ಕಾಲಂನಲ್ಲಿ ಒಡೆಯನ ಹೆಸರು, 10ರಲ್ಲಿ ಜಮೀನು ಹೇಗೆ ಬಂತು ಅನ್ನೋದು, 11ರಲ್ಲಿ ಹಕ್ಕು, ಋಣ, 12ರಲ್ಲಿ ಯಾರು ಸಾಗುವಳಿ ಮಾಡ್ತಾರೆ, ಏನು ಬೆಳೆದಿದ್ದಾರೆ ಅನ್ನೋದು.

ಪಹಣಿಗೆ ಮುಂಚೆ ನಮ್ಮೂರಿನ ವಿಷಯ ಒಂದು ಹೇಳಿಬಿಡ್ತೀನಿ. ತಗಡೂರು ಅಂದ್ರೆ ಹೊರಗಿನವರಿಗೆ ನೆನಪಾಗೋದು ತಗಡೂರು ರಾಮಚಂದ್ರರಾಯರು. 1920ರ ದಶಕದಲ್ಲಿ ಅವರು ಇಲ್ಲಿ ಖಾದಿ ಕೆಲಸ ಹಚ್ಚಿದರು. 1927ರಲ್ಲಿ ಮೈಸೂರು ಸರ್ಕಾರವೇ ಅಖಿಲ ಭಾರತ ಚರಕ ಸಂಘದ ನೆರವು ತಗೊಂಡು ಪಕ್ಕದ ಬದನವಾಳಿನಲ್ಲಿ ಖಾದಿ ಕೇಂದ್ರ ಶುರು ಮಾಡ್ತು. 1934ರ ಜನವರಿಯಲ್ಲಿ ಗಾಂಧೀಜಿ ಹರಿಜನ ಪ್ರವಾಸದಲ್ಲಿ ಈ ಕಡೆ ಬಂದಾಗ ತಗಡೂರು, ಬದನವಾಳು ಎರಡಕ್ಕೂ ಬಂದು ಹೋದರು. ಗಾಂಧೀಜಿ ಲೆಕ್ಕ ಏನು ಅಂದ್ರೆ, ಶ್ರೀಮಂತ ತನ್ನ ಆಸ್ತಿಗೆ ಒಡೆಯ ಅಲ್ಲ, ಊರ ಪರವಾಗಿ ನೋಡಿಕೊಳ್ಳೋ ಧರ್ಮದರ್ಶಿ ಅಂತ ತಿಳ್ಕೊಬೇಕು, ಬಡವನ ಮನೆಯೊಳಗೇ ದುಡಿಮೆ ಹುಟ್ಟಬೇಕು. ಅದೇ 1934ರಲ್ಲಿ, ನಮ್ಮ ಮೈಸೂರಿಗೇ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಭಾರತಕ್ಕೆ ಯೋಜಿತ ಆರ್ಥಿಕತೆ ಬೇಕು ಅಂತ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಅವರದು ಕಾರ್ಖಾನೆ, ಬ್ಯಾಂಕು, ಅಣೆಕಟ್ಟಿನ ದಾರಿ. ಒಂದೇ ಸಂಸ್ಥಾನ ಒಂದು ಕೈಯಲ್ಲಿ ಬದನವಾಳಿನ ಚರಕಕ್ಕೆ ದುಡ್ಡು ಕೊಡ್ತಿತ್ತು, ಇನ್ನೊಂದು ಕೈಯಲ್ಲಿ ಮಂಡ್ಯದ ಸಕ್ಕರೆ ಕಂಪನಿಗೆ ಬಂಡವಾಳ ಹಾಕ್ತಿತ್ತು. ಅದು 1933ರಲ್ಲಿ ಶುರುವಾದದ್ದು. ನಮ್ಮ ಕಡೆ ಸರ್ಕಾರ, ಪೇಟೆ ಎರಡೂ ಯಾವತ್ತೂ ಬೇರೆ ಬೇರೆ ಆಗಿರಲೇ ಇಲ್ಲ.

ಖಾದಿ ಹೆಂಗಸರ ಕೈಗೆ ನಾಲ್ಕು ಕಾಸು ಕೊಟ್ಟಿತು, ನಿಜ. ಆದರೆ ಮಿಲ್ ಬಟ್ಟೆ ರೇಟಿನ ಮುಂದೆ ಅದು ತನ್ನ ಕಾಲ ಮೇಲೆ ನಿಲ್ಲಲಿಲ್ಲ, ರಿಯಾಯಿತಿ ಮೇಲೇ ಉಸಿರಾಡ್ತು. ಧರ್ಮದರ್ಶಿ ಆಗಿ ಅಂತ ಹೇಳಿದ್ದಕ್ಕೆ ಯಾವ ಜಮೀನ್ದಾರನೂ ಪಹಣಿ ತಿದ್ದಿಸಲಿಲ್ಲ. ಇನ್ನೊಂದು ಮಾತು, ಹೇಳೋಕೆ ಕಷ್ಟ, ಆದ್ರೂ ಬಿಟ್ಟು ಹೋದ್ರೆ ತಪ್ಪಾಗುತ್ತೆ. ಅದೇ ಬದನವಾಳಿನಲ್ಲಿ 1993ರಲ್ಲಿ ದೇವಸ್ಥಾನ ಪ್ರವೇಶದ ವಿಷಯಕ್ಕೆ ಮೂರು ಜನ ದಲಿತರ ಕೊಲೆ ಆಯ್ತು. ದುಡ್ಡಿನ ಅಸಮಾನತೆ ಮಾತಾಡೋವಾಗ ನಾವು ಜಾತಿಯನ್ನ ಚಪ್ಪಲಿ ಹಾಗೆ ಹೊರಗೆ ಬಿಟ್ಟು ಬರ್ತೀವಿ. ಅದು ಹೊರಗೆ ಇರೋದಿಲ್ಲ, ಪಹಣಿ ಒಳಗೇ ಇದೆ. ಮುಂದೆ ಬರುತ್ತೆ.

ಮನವೊಲಿಸಿ ಭೂಮಿ ಹಂಚೋ ಪ್ರಯತ್ನ ಇನ್ನೊಂದು ಸಲ ನಮ್ಮ ಬಾಗಿಲಿಗೇ ಬಂದಿತ್ತು. 1957ರ ಸೆಪ್ಟೆಂಬರ್‌ನಲ್ಲಿ ಮೈಸೂರು ಪಕ್ಕದ ಯಲವಾಲದಲ್ಲಿ ವಿನೋಬಾ ಅವರ ಗ್ರಾಮದಾನದ ಸಮ್ಮೇಳನ ನಡೀತು. ನೆಹರು ಬಂದಿದ್ರು, ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಬಂದಿದ್ರು, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ನಂಬೂದರಿಪಾಡ್ ಕೂಡ ಬಂದಿದ್ರು. ಎಲ್ಲಾ ಪಕ್ಷದವರೂ ಒಟ್ಟಿಗೆ ಕೂತು ಗ್ರಾಮದಾನ ಒಳ್ಳೇದು ಅಂತ ಒಪ್ಪಿದರು. ಹುಣಸೂರು ರಸ್ತೆಯಲ್ಲಿ ಬಸ್ಸಲ್ಲಿ ಹೋಗೋವಾಗ ಯಲವಾಲ ಬಂದ್ರೆ ನನಗೆ ಅದೇ ನೆನಪಾಗುತ್ತೆ. ಎಲ್ಲರೂ ಒಪ್ಪಿದ ಕೆಲಸ ಯಾಕೆ ಆಗಲಿಲ್ಲ ಅಂದ್ರೆ, ಒಪ್ಪಿದವರಲ್ಲಿ ಭೂಮಿ ಬಿಡಬೇಕಾದವರು ಕಮ್ಮಿ.

ಆಮೇಲೆ ಬಂದದ್ದು ಕಾನೂನು. ಅದಕ್ಕೂ ಮೊದಲೇ ನೆಲ ಹದ ಆಗಿತ್ತು. ಶಿವಮೊಗ್ಗ ಕಡೆ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ರು, ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಜೊತೆಗಿದ್ರು, ಲೋಹಿಯಾ ಅವರೇ ಬಂದು ಅರೆಸ್ಟ್ ಆಗಿದ್ರು. ನಮ್ಮ ಹಳೇ ಮೈಸೂರಲ್ಲಿ 1954, 1955ರ ಕಾನೂನುಗಳಿಂದ ಇನಾಂ ಜಮೀನು ರದ್ದಾದವು. 1961ರಲ್ಲಿ ಭೂಸುಧಾರಣಾ ಕಾಯ್ದೆ ಬಂತು, ಆದರೆ ಅದರಲ್ಲಿ ತೂತು ಜಾಸ್ತಿ. ಆ ತೂತು ಮುಚ್ಚಿದ್ದು ದೇವರಾಜ ಅರಸರು. ಹುಣಸೂರು ತಾಲ್ಲೂಕು ಕಲ್ಲಹಳ್ಳಿಯವರು, ನಮ್ಮ ಜಿಲ್ಲೆಯವರೇ.

1974ರ ಮಾರ್ಚ್ 1. ಆ ದಿನ ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು ಅಂತ ಕಾನೂನು ಹೇಳ್ತು. ಉಳ್ತಿದ್ದವನು ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಿದ್ರೆ, ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಅವನ ಹೆಸರಿಗೇ ಮಾಡಿಕೊಡಬೇಕು. ಮಂಡಳಿಗೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಸರ್ಕಾರ ಹಾಕಿದ ನಾಲ್ಕು ಜನ ಸದಸ್ಯರು, ಅದರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ಮೊದಲಿಗೆ ವಕೀಲರಿಗೆ ಅಲ್ಲಿ ಪ್ರವೇಶ ಇರಲಿಲ್ಲ. ನನಗೆ ಇದು ಬಹಳ ಇಷ್ಟವಾದ ಅಂಶ. ವಕೀಲ ಇಟ್ಟುಕೊಳ್ಳೋ ಶಕ್ತಿ ಒಡೆಯನಿಗಿತ್ತು, ಗೇಣಿದಾರನಿಗೆ ಇರಲಿಲ್ಲ. ಇಬ್ಬರೂ ಬರಿಗೈಯಲ್ಲಿ ಬಂದು ಮಾತಾಡಿ ಅಂದ ಹಾಗೆ. 1979ರ ಜೂನ್ 30ರವರೆಗೆ ಅರ್ಜಿ ತಗೊಂಡ್ರು. ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿ ಬಂದವು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರ ಆದವು. ಇದರ ದೊಡ್ಡ ಫಲ ಸಿಕ್ಕಿದ್ದು ಕರಾವಳಿ, ಮಲೆನಾಡಿಗೆ. ನಮ್ಮ ಬಯಲಲ್ಲಿ ಗೇಣಿ ಅಷ್ಟು ಇರಲಿಲ್ಲ, ಇದ್ದದ್ದರಲ್ಲೂ ಬಾಯಿಮಾತಿನ ವಾರವೇ ಜಾಸ್ತಿ. ಬಾಯಿಮಾತಿನದು ಪಹಣಿಯಲ್ಲಿ ಇಲ್ಲದಿದ್ರೆ ಮಂಡಳಿ ಮುಂದೆ ಸಾಬೀತು ಮಾಡೋದು ಹೇಗೆ?

ಇಲ್ಲಿ ಒಂದು ವಿಷಯ ಗಮನಿಸಿ. ಅರಸರದ್ದು ಸಮಾಜವಾದ ಅಂತಾರೆ. ಆದರೆ ಅವರು ಭೂಮಿಯನ್ನ ಸರ್ಕಾರದ ಹತ್ತಿರ ಇಟ್ಟುಕೊಳ್ಳಲಿಲ್ಲ, ರಷ್ಯಾ ಥರ ಸಾಮೂಹಿಕ ಬೇಸಾಯಕ್ಕೆ ಸೇರಿಸಲೂ ಇಲ್ಲ. ದೊಡ್ಡ ಒಡೆಯನಿಂದ ತೆಗೆದು ಸಣ್ಣ ಒಡೆಯನಿಗೆ ಕೊಟ್ರು. ಬಿಟ್ಟಿಯೂ ಅಲ್ಲ. ಗೇಣಿದಾರ ದುಡ್ಡು ಕಟ್ಟಬೇಕಿತ್ತು, ಒಡೆಯನಿಗೆ ಪರಿಹಾರ ಇತ್ತು. ಆ ಪರಿಹಾರ ಪೇಟೆ ಬೆಲೆ ಮೇಲಲ್ಲ, ಗೇಣಿ ಲೆಕ್ಕದ ಮೇಲೆ. ಸಿಕ್ಕ ಜಮೀನನ್ನ 15 ವರ್ಷ ಮಾರಬಾರದು ಅಂತಲೂ ಇತ್ತು. ಅಂದ್ರೆ ಖಾಸಗಿ ಆಸ್ತಿ ಹುಟ್ಟಿಸಿದ್ದೇ ಸಮಾಜವಾದಿ ಕಾನೂನು, ಆ ಆಸ್ತಿ ಕೈ ಜಾರದ ಹಾಗೆ ಕಟ್ಟಿದ್ದೂ ಅದೇ ಕಾನೂನು. ಕಬಿನಿ ಅಣೆಕಟ್ಟು ಮುಗಿದದ್ದೂ 1974ರಲ್ಲೇ. ಸರ್ಕಾರದ ದುಡ್ಡಿನ ನೀರು ಬಲದಂಡೆ ನಾಲೆಯಲ್ಲಿ ಹರಿದು ನಮ್ಮ ಜನರ ಖಾಸಗಿ ಜಮೀನಿಗೆ ಬೆಲೆ ಬಂತು. ಆ ಬೆಲೆ ಯಾರಿಗೆ ಸಿಕ್ತು? 9ನೇ ಕಾಲಂನಲ್ಲಿ ಹೆಸರಿದ್ದವರಿಗೆ. ನಾಲೆ ತೋಡಿದ ಕೂಲಿಯವರಿಗೆ ಅಲ್ಲ.

ಅವತ್ತು ಕಾಯ್ದೆ ನೋಡಿದ್ದು ಗೇಣಿದಾರನನ್ನ. ಕೂಲಿಯವನನ್ನ ಅಲ್ಲ. ಮಿತಿಗಿಂತ ಹೆಚ್ಚಿನ ಜಮೀನು ತೆಗೆದು ಭೂಮಿ ಇಲ್ಲದವರಿಗೆ ಕೊಡಬೇಕು ಅಂತ ಇತ್ತು. ಆದರೆ ಮಿತಿ ಅಂದ್ರೆ 10 ಯೂನಿಟ್, ಒಣಭೂಮಿ ಲೆಕ್ಕದಲ್ಲಿ 54 ಎಕರೆ. ಅಣ್ಣ ತಮ್ಮಂದಿರ ಹೆಸರಿಗೆ ಬರೆಸಿಕೊಂಡ ಮೇಲೆ ಉಳಿದದ್ದು ಎಷ್ಟು ಅಂತ ನಿಮಗೇ ಗೊತ್ತು. ಕೂಲಿಯವರಿಗೆ, ಅದರಲ್ಲೂ ದಲಿತರಿಗೆ ಭೂಮಿ ಬಂದದ್ದು ಹೆಚ್ಚಾಗಿ ಸರ್ಕಾರಿ ಗೋಮಾಳ, ಖರಾಬಿನಿಂದ, ಮಂಜೂರಾತಿ ಅಂತ. ಆ ಮಂಜೂರಾತಿ ಜಮೀನು ಮದುವೆಗೆ, ಆಸ್ಪತ್ರೆಗೆ, ಸಾವಿಗೆ ಅಂತ ಒಂದೊಂದಾಗಿ ಕೈ ಜಾರ್ತಿತ್ತು. ಕೊಂಡವರು ಯಾರು ಅಂತ ಬೇರೆ ಹೇಳಬೇಕಾ? ನಮ್ಮಂಥವರೇ. ನಮ್ಮ ತಾತನ ಕಾಲದಲ್ಲಿ ನಮ್ಮ ಮನೆಯವರೂ ಒಂದು ತುಂಡು ಹಾಗೇ ಬರೆಸಿಕೊಂಡಿದ್ರು.

ಅದಕ್ಕೆ ಬಂದದ್ದು ಪಿಟಿಸಿಎಲ್, 1978ರ ಕಾಯ್ದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನ ಸರ್ಕಾರದ ಒಪ್ಪಿಗೆ ಇಲ್ಲದೆ ಮಾರೋ ಹಾಗಿಲ್ಲ, ಮಂಜೂರಾತಿ ಷರತ್ತು ಮೀರಿ ಹಿಂದೆ ಮಾರಿದ್ರೂ ಅಸಿಸ್ಟೆಂಟ್ ಕಮಿಷನರ್ ವಾಪಸ್ ಕೊಡಿಸಬಹುದು. ಕೊಂಡವರು ಸುಪ್ರೀಂ ಕೋರ್ಟಿನವರೆಗೂ ಹೋದ್ರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕೋರ್ಟು ಕಾಯ್ದೆ ಸರಿ ಅಂತು. 2017ರಲ್ಲಿ ಇನ್ನೊಂದು ಪ್ರಕರಣದಲ್ಲಿ, ಎಷ್ಟೋ ವರ್ಷ ಬಿಟ್ಟು ಬಂದ್ರೆ ಆಗಲ್ಲ, ಸಮಂಜಸ ಸಮಯದೊಳಗೆ ಬರಬೇಕು ಅಂತು. 2023ರಲ್ಲಿ ನಮ್ಮ ವಿಧಾನಸಭೆ, ಕಾಲಮಿತಿ ಇಲ್ಲ ಅಂತ ತಿದ್ದುಪಡಿ ತಂತು.

ನಮ್ಮ ಮನೆ ತುಂಡೂ ವಾಪಸ್ ಹೋಯ್ತು. ಆಗ ನಮ್ಮ ತಂದೆ ಎಷ್ಟು ಬೈದ್ರು ಅಂದ್ರೆ, ದುಡ್ಡು ಕೊಟ್ಟು ಕೊಂಡದ್ದು, ಬಾವಿ ತೋಡಿಸಿದ್ದು, ಇದ್ಯಾವ ನ್ಯಾಯ ಅಂತ. ನಾನೂ ಆಗ ಅದನ್ನೇ ನಂಬಿದ್ದೆ. ಈಗ ಅನಿಸೋದು ಬೇರೆ. ಕೊಟ್ಟ ದುಡ್ಡು ಎಷ್ಟು, ಯಾವ ಕಷ್ಟದ ದಿನ ಕೊಟ್ಟದ್ದು ಅಂತ ನಮ್ಮ ತಂದೆ ಯಾವತ್ತೂ ಹೇಳಲಿಲ್ಲ. ಒಬ್ಬ ಹಸಿದಿದ್ದಾಗ, ಇನ್ನೊಬ್ಬನ ಹೊಟ್ಟೆ ತುಂಬಿದ್ದಾಗ ಆಗೋ ಮಾರಾಟವನ್ನ ಇಬ್ಬರ ಇಷ್ಟದ್ದು ಅನ್ನೋದು ಹೇಗೆ? ಹಾಗಂತ ಆ ಮನೆಯವರಿಗೆ ಎಲ್ಲಾ ಸರಿ ಹೋಯ್ತಾ ಅಂದ್ರೆ ಅದೂ ಇಲ್ಲ. ಜಮೀನು ಬಂತು, ಎತ್ತಿಲ್ಲ, ಬೋರಿಗೆ ದುಡ್ಡಿಲ್ಲ. ಮಾರೋ ಹಾಗಿಲ್ಲದ ಜಮೀನಿಗೆ ಸಾಲ ಕೊಡೋಕೆ ಬ್ಯಾಂಕಿನವರು ಮೂಗು ಮುರೀತಾರೆ. ಸರ್ಕಾರ ಭೂಮಿ ಉಳಿಸಿಕೊಡ್ತು, ಬಂಡವಾಳ ಕೊಡಲಿಲ್ಲ. ಎರಡು ವರ್ಷ ಬೀಳು ಬಿದ್ದಿದ್ದು ನಾನೇ ನೋಡಿದೀನಿ. ಈಗ ಮಗ ಟಿ. ನರಸೀಪುರದಲ್ಲಿ ಕೆಲಸ ಮಾಡಿ ದುಡ್ಡು ಹಾಕಿದ ಮೇಲೆ ಬಾಳೆ ಎದ್ದಿದೆ, ಚೆನ್ನಾಗೇ ಇದೆ.

ಆ ಕಡೆಯಿಂದ ಇನ್ನೊಂದು ಗಾಳಿ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂತು. ರೈತರಲ್ಲದವರು, ಬೇರೆ ಆದಾಯ ಜಾಸ್ತಿ ಇರೋರು ಕೃಷಿ ಜಮೀನು ಕೊಳ್ಳಬಾರದು ಅಂತಿದ್ದ 79 ಎ, ಬಿ, ಸಿ ಕಲಂ ತೆಗೆದರು. ಪರವಾಗಿ ಹೇಳೋರು, ರೈತನಿಗೆ ಒಳ್ಳೆ ಬೆಲೆ ಸಿಗುತ್ತೆ ಅಂತಾರೆ. ಸಿಗುತ್ತೆ, ಒಂದು ಸಲ. ಮಾರೋ ರೈತನಿಗೆ. ಪಕ್ಕದ ಎರಡು ಎಕರೆ ಕೊಂಡು ಬೆಳೀಬೇಕು ಅಂತಿದ್ದ ರೈತ ಬೆಂಗಳೂರು ದುಡ್ಡಿನ ಜೊತೆ ಹರಾಜಿಗೆ ನಿಲ್ಲಬೇಕು. ಹಳೇ 79 ಎ ಕೂಡ ಶುದ್ಧ ಇರಲಿಲ್ಲ, ಅದು ಲಂಚದ ಬಾಗಿಲಾಗಿತ್ತು, ಒಪ್ತೀನಿ. ಬಾಗಿಲು ಕೆಟ್ಟಿದ್ರೆ ರಿಪೇರಿ ಮಾಡಿಸಬೇಕಿತ್ತು, ಇವರು ಗೋಡೆ ಸಮೇತ ತೆಗೆದ್ರು.

ಈಗ ಟೀ ಅಂಗಡಿಯ "ಅದು ಬ್ಯಾರೆ"ಗೆ ಬರ್ತೀನಿ. ಕಬ್ಬು. ಫ್ಯಾಕ್ಟರಿ ಖಾಸಗಿ, ಹೊಲ ಖಾಸಗಿ, ಆದರೆ ರೇಟು ಕಟ್ಟೋದು ಕೇಂದ್ರ ಸರ್ಕಾರ. 2025-26ಕ್ಕೆ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ, ಅದೂ 10.25 ಇಳುವರಿ ಲೆಕ್ಕದಲ್ಲಿ. ಕಟಾವು, ಸಾಗಣೆ ಹಿಡಿದುಕೊಂಡ ಮೇಲೆ ನಮ್ಮ ಕೈಗೆ ಎಷ್ಟು ಅಂತ ನಿಮ್ಮ ಬಿಲ್ಲು ನೋಡಿಕೊಳ್ಳಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದ್ರೆ 15 ಪರ್ಸೆಂಟ್ ಬಡ್ಡಿ. 2012ರಲ್ಲಿ ರಂಗರಾಜನ್ ಸಮಿತಿ, ಸಕ್ಕರೆ ಮತ್ತು ಉಪಉತ್ಪನ್ನದ ಆದಾಯದಲ್ಲಿ 70 ಪಾಲು ರೈತನಿಗೆ, 30 ಪಾಲು ಫ್ಯಾಕ್ಟರಿಗೆ ಅಂತ ಹೇಳ್ತು. ಇದನ್ನ ನಾವ್ಯಾರೂ ಸಮಾಜವಾದ ಅನ್ನಲ್ಲ, ನಮ್ಮ ಹಕ್ಕು ಅಂತೀವಿ. ಹಕ್ಕೇ. ಒಂದೇ ಫ್ಯಾಕ್ಟರಿ, ಸಾವಿರಾರು ರೈತರು, ಕಡಿದ ಕಬ್ಬು ಒಣಗ್ತಿರುತ್ತೆ. ಅಂಥ ಕಡೆ ಪೇಟೆ ಬೆಲೆ ಅಂದ್ರೆ ಫ್ಯಾಕ್ಟರಿ ಹೇಳಿದ ಬೆಲೆ.

ಹಾಗಾದ್ರೆ ಕೂಲಿಯವರ ಬಗ್ಗೆ ಯಾಕೆ ಬೇರೆ ಮಾತಾಡ್ತೀವಿ? "ಅನ್ನಭಾಗ್ಯದ ಅಕ್ಕಿ ಕೊಟ್ಟು ಸೋಮಾರಿ ಮಾಡಿದ್ರು, ಉದ್ಯೋಗ ಖಾತ್ರಿ ಬಂದು ಕೂಲಿ ಏರ್ತು." ಈ ಮಾತು ಆಡದ ರೈತ ನಮ್ಮ ಹೋಬಳಿಯಲ್ಲಿ ಇದ್ರೆ ತೋರಿಸಿ. ನಾನೂ ಆಡಿದೀನಿ. ನಮ್ಮ ಕಬ್ಬು ಒಣಗೋ ಹಾಗೆ ಅವರ ಮನೆ ಒಲೆಯೂ ಕಾಯಲ್ಲ. 2013ರಲ್ಲಿ ಅಕ್ಕಿ ಬಂದ ಮೇಲೆ, ಬೆಳಿಗ್ಗೆ ಕೂಲಿ ಎಷ್ಟು ಅಂತ ಕೇಳಿ ಬೇಡ ಅನ್ನೋ ಧೈರ್ಯ ಅವರಿಗೆ ಬಂತು. ನಮಗೆ ಎಫ್‌ಆರ್‌ಪಿ ಹೇಗೋ ಅವರಿಗೆ ಅಕ್ಕಿ ಹಾಗೆ. ನಮ್ಮ ಮಾಲಿಗೆ ಸರ್ಕಾರ ಬೇಕು, ಅವರ ದುಡಿಮೆಗೆ ಮಾತ್ರ ಪೇಟೆ ಸಾಕು ಅನ್ನೋದು ನ್ಯಾಯ ಅಲ್ಲ. ರೈತ ಚಳುವಳಿಯೊಳಗೂ ಈ ಗೊಂದಲ ಇತ್ತು. ಡಂಕೆಲ್ ಕಾಲದಲ್ಲಿ ಮಹಾರಾಷ್ಟ್ರದ ಶರದ್ ಜೋಶಿ ಪೇಟೆ ಬಿಚ್ಚಿ ಅಂದ್ರು, ನಮ್ಮ ಎಂ.ಡಿ. ನಂಜುಂಡಸ್ವಾಮಿ ಬೇಡ ಅಂದ್ರು. ಇಬ್ಬರೂ ಮಾತಾಡಿದ್ದು ಹೆಚ್ಚಾಗಿ ಪಹಣಿ ಇರೋ ರೈತನ ಪರ.

ಇನ್ನು 12ನೇ ಕಾಲಂ. ಇದು ನನ್ನ ಹೊಟ್ಟೆಯ ವಿಷಯ. ನನ್ನದು ಅಂತ ಇರೋದು ಎರಡೂವರೆ ಎಕರೆ. ಅದರ ಜೊತೆ ಮೈಸೂರಲ್ಲಿ ನೆಲೆಸಿರೋ ಒಬ್ಬರ ನಾಲ್ಕು ಎಕರೆ ಗುತ್ತಿಗೆಗೆ ಮಾಡ್ತೀನಿ, ಆರು ವರ್ಷ ಆಯ್ತು. ಬರಹ ಏನೂ ಇಲ್ಲ. ಯಾಕಂದ್ರೆ ಅರಸರ ಕಾಯ್ದೆಯ 5ನೇ ಕಲಂ ಪ್ರಕಾರ, ಸೈನಿಕರಂಥ ಕೆಲವರನ್ನ ಬಿಟ್ಟು ಯಾರೂ ಜಮೀನು ಗೇಣಿಗೆ ಕೊಡೋ ಹಾಗಿಲ್ಲ. ಅವತ್ತು ಅದು ಸರಿ ಇತ್ತು, ಮತ್ತೆ ಜಮೀನ್ದಾರಿ ಹುಟ್ಟಬಾರದು ಅಂತ. ಈಗ ಒಡೆಯ ಊರು ಬಿಟ್ಟು ಹೋಗಿದ್ದಾನೆ, ಬೆಳೆಯೋನು ಸಣ್ಣ ರೈತ ಇಲ್ಲಾ ಕೂಲಿಯವನು. 12ನೇ ಕಾಲಂನಲ್ಲಿ ಸಾಗುವಳಿದಾರ ಅಂತ ನನ್ನ ಹೆಸರು ಬಂದ್ರೆ ಜಮೀನು ಹೋಯ್ತು ಅಂತ ಒಡೆಯನಿಗೆ ಭಯ. ಹಾಗಾಗಿ ಬೆಳೆ ಸಮೀಕ್ಷೆಯಲ್ಲಿ ಅವರ ಹೆಸರು. ಸೊಸೈಟಿಯ ಬಡ್ಡಿ ಇಲ್ಲದ ಸಾಲ ಪಹಣಿ ಇದ್ದವರಿಗೆ. ಪಿಎಂ ಕಿಸಾನ್ 6 ಸಾವಿರ ಪಹಣಿ ಇದ್ದವರಿಗೆ. ವಿಮೆಗೆ ಗೇಣಿದಾರನೂ ಸೇರಬಹುದು ಅಂತ ನಿಯಮದಲ್ಲಿದೆ, ಆದರೆ ಕರಾರು ಪತ್ರ ಬೇಕು, ಕರಾರು ಬರೆದ್ರೆ ಕಾನೂನಿಗೆ ವಿರುದ್ಧ. 2023ರ ಬರ ನಿಮಗೆ ನೆನಪಿದೆ, ರಾಜ್ಯದಲ್ಲಿ 223 ತಾಲ್ಲೂಕು ಬರ ಅಂತ ಘೋಷಣೆ ಆಗಿತ್ತು. ಒಣಗಿದ್ದು ನನ್ನ ಬೆಳೆ, ಪರಿಹಾರ ಬಂದದ್ದು ಅವರ ಖಾತೆಗೆ. ಅವರು ಒಳ್ಳೆಯವರು, ಫೋನ್ ಮಾಡಿ ಅರ್ಧ ಕಳಿಸಿದ್ರು. ಕಳಿಸದಿದ್ರೂ ನಾನು ಕೇಳೋ ಹಾಗಿರಲಿಲ್ಲ.

ಚೀನಾದಲ್ಲಿ ಉಲ್ಟಾ ಕಥೆ. ಅಲ್ಲಿ ಭೂಮಿಯೆಲ್ಲ ಕಮ್ಯೂನಿನದು, ಬೆಳೆದದ್ದೆಲ್ಲ ಅದಕ್ಕೇ. 1978ರಲ್ಲಿ ಅನ್‌ಹುಯಿ ಪ್ರಾಂತ್ಯದ ಷಿಯಾವ್‌ಗಾಂಗ್ ಅನ್ನೋ ಬಡ ಹಳ್ಳಿಯಲ್ಲಿ 18 ಮನೆಯವರು ಗುಟ್ಟಾಗಿ ಒಂದು ಹಾಳೆ ಮೇಲೆ ಸಹಿ, ಹೆಬ್ಬೆಟ್ಟು ಹಾಕಿ ಭೂಮಿಯನ್ನ ಮನೆ ಮನೆಗೆ ಹಂಚಿಕೊಂಡ್ರು. ಸಿಕ್ಕಿಬಿದ್ರೆ ಜೈಲು ಅಂತ ಗೊತ್ತಿತ್ತು. ಬೆಳೆ ಏರ್ತು, ಆಮೇಲೆ ಸರ್ಕಾರವೇ ಅದೇ ದಾರಿ ಹಿಡೀತು. ಅಲ್ಲಿ ಇವತ್ತಿಗೂ ಹೊಲದ ಒಡೆತನ ಸಮೂಹದ್ದೇ, ಮಾರೋ ಹಾಗಿಲ್ಲ. ಆದರೆ ಉಳೋ ಹಕ್ಕು ಬರಹದಲ್ಲಿದೆ, ಅದನ್ನ ಇನ್ನೊಬ್ಬರಿಗೆ ಗುತ್ತಿಗೆಗೂ ಕೊಡಬಹುದು. ನಾವು ಒಡೆತನವನ್ನ 2020ರಲ್ಲಿ ಪೇಟೆಗೆ ಪೂರ್ತಿ ಬಿಚ್ಚಿಟ್ಟು, ಗುತ್ತಿಗೆಯನ್ನ ಮಾತ್ರ ಕತ್ತಲಲ್ಲಿ ಇಟ್ಟಿದೀವಿ. ಕೋಟಿ ಇರೋನು ನಮ್ಮೂರ ಜಮೀನು ಕೊಳ್ಳೋಕೆ ಅಡ್ಡಿ ಇಲ್ಲ, ಅದೇ ಜಮೀನನ್ನ ನಾನು ಉಳ್ತೀನಿ ಅಂತ ಬರೆದುಕೊಡೋಕೆ ಅಡ್ಡಿ ಇದೆ. 2016ರಲ್ಲಿ ನೀತಿ ಆಯೋಗ ಗುತ್ತಿಗೆಗೆ ಒಂದು ಮಾದರಿ ಕಾನೂನು ಮಾಡಿ ರಾಜ್ಯಗಳಿಗೆ ಕಳಿಸ್ತು. ಅದರಲ್ಲಿ ಒಡೆಯನ ಹಕ್ಕು ಹೋಗಲ್ಲ, ಬೆಳೆಯೋನಿಗೆ ಸಾಲ, ವಿಮೆ, ಪರಿಹಾರ ಸಿಗುತ್ತೆ ಅಂತಿದೆ. ನನ್ನ ಭಯ ಒಂದೇ. ಅದನ್ನ ಹಾಗೇ ತಂದ್ರೆ ಗುತ್ತಿಗೆಗೆ ಮೊದಲು ಬರೋದು ನಾನಲ್ಲ, ಕಂಪನಿ. ಒಬ್ಬರು ಎಷ್ಟು ಎಕರೆ ಗುತ್ತಿಗೆಗೆ ತಗೋಬಹುದು ಅಂತ ಮಿತಿ ಇಡಬೇಕು, ಊರಲ್ಲೇ ಇದ್ದು ಉಳೋರಿಗೆ ಮೊದಲ ಹಕ್ಕು ಕೊಡಬೇಕು.

ಯುಗಾದಿ ಆದ ಮೇಲೆ ಒಡೆಯರು ಗುತ್ತಿಗೆ ಮಾತಾಡೋಕೆ ಬರ್ತಾರೆ. ಈ ಸಲ ಒಂದು ಬಿಳಿ ಹಾಳೆ ಮೇಲೆ, ಬರ ಪರಿಹಾರ ಬಂದ್ರೆ ಎಷ್ಟು ಪಾಲು ಯಾರಿಗೆ ಅಂತಾದ್ರೂ ಬರೆದು ಇಬ್ಬರೂ ಸಹಿ ಹಾಕೋಣ ಅಂತ ಕೇಳೋಣ ಅಂತಿದೀನಿ. ಕೋರ್ಟಲ್ಲಿ ಅದಕ್ಕೆ ಬೆಲೆ ಇಲ್ಲ, ಗೊತ್ತು. ನನ್ನ ಥರ ಗುತ್ತಿಗೆ ಮಾಡ್ತಿರೋರು ನಂಜನಗೂಡು, ನರಸೀಪುರ ಕಡೆ ಎಷ್ಟು ಜನ ಇದೀರ, ನೀವು ಒಡೆಯರ ಜೊತೆ ಏನು ಮಾತಾಡಿಕೊಂಡಿದೀರ ಅಂತ ಸಂತೆಯಲ್ಲೋ ಸೊಸೈಟಿ ಹತ್ತಿರವೋ ಸಿಕ್ಕಾಗ ಹೇಳಿ. ಹಾಳೆಯಲ್ಲಿ ಏನು ಬರೀಬೇಕು ಅಂತ ಇನ್ನೂ ಪೂರ್ತಿ ಗೊತ್ತಾಗಿಲ್ಲ.